ಸೂರ್ಯನ ಸುಗ್ಗಿಗೆ ಕಣಜವೆಲ್ಲಿ?

ಕಳೆದ ವಾರ ಒಂದು ಸಂಜೆ ನಮ್ಮ ಕಾರ್ಯಾಲಯಕ್ಕೆ ವೃದ್ಧ ಮಿತ್ರರೊಬ್ಬರು ದಯಮಾಡಿಸಿದ್ದರು. ಕಂದಾಯ ಇಲಾಖೆಯಲ್ಲಿ ಬಹುಕಾಲ ಸೇವೆ ಸಲ್ಲಿಸಿ ಈಗ ವಿಶ್ರಾಂತಿವೇತನದ ಮೇಲಿರುವ ಈ ಮಹನೀಯರು ಪತ್ರಿಕೆಯನ್ನು ಮೊದಲಕ್ಷರದಿಂದ ಕೊನೆಯಕ್ಷರದವರೆಗೆ ಓದತಕ್ಕವರು, ಓದಿದ್ದನ್ನು ಮರೆಯತಕ್ಕವರಲ್ಲ. ಮಾತಿನ ನಡುವೆ, ಗಂಟೆ ಏಳಾಗುತ್ತಲೇ, ದೀಪಗಳೆಲ್ಲ ಒಮ್ಮೆಲೇ ನಂದಿಹೋದವು. ಪಕ್ಕದ ಕೊಠಡಿಯಲ್ಲಿ ಅಚ್ಚಿನ ಯಂತ್ರವು ಅರ್ಧ ಹಾಳೆಯನ್ನು ನುಂಗಿಕೊಂಡು ನಿಂತಿತು. ಕತ್ತಲಲ್ಲಿಯೇ ಅವರು ಕೇಳಿದರು: “ಪಾವಗಡದಲ್ಲಿ ಎರಡು ಸಾವಿರ ಮೆಗಾವಾಟು, ಚಿತ್ರದುರ್ಗದ ಗುಡ್ಡಗಳ ಮೇಲೆಲ್ಲ ಗಾಳಿಯಂತ್ರ, ಈ ವಿಷಯದಲ್ಲಿ ಕನ್ನಡನಾಡು ದೇಶಕ್ಕೇ ಮೇಲ್ಪಂಕ್ತಿ ಎಂದು ನೀವೇ ಬರೆಯುತ್ತೀರಿ. ಹಾಗಿದ್ದ ಮೇಲೆ ಈ ಕತ್ತಲೆ ಎಲ್ಲಿಂದ ಬಂತು ಸ್ವಾಮಿ?”

ಆ ದಿನದ ಕತ್ತಲೆಗೆ ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರು ಸುಟ್ಟದ್ದೇ ಕಾರಣವೆಂದು ಆಮೇಲೆ ತಿಳಿಯಬಂತು. ಅದರಲ್ಲಿ ಸೂರ್ಯನದಾಗಲಿ ವಾಯುದೇವನದಾಗಲಿ ತಪ್ಪೇನೂ ಇರಲಿಲ್ಲ. ಆದರೆ ಮಿತ್ರರ ಪ್ರಶ್ನೆಯು ಟ್ರಾನ್ಸ್‌ಫಾರ್ಮರಿನೊಂದಿಗೆ ಸುಟ್ಟುಹೋಗತಕ್ಕದ್ದಲ್ಲ. ೨೦೨೩ನೆಯ ಇಸವಿಯ ಅಕ್ಟೋಬರ್ ತಿಂಗಳನ್ನು ವಾಚಕರು ನೆನಪಿಗೆ ತಂದುಕೊಳ್ಳಲಿ. ಮುಂಗಾರು ಕೈಕೊಟ್ಟಿತ್ತು; ಜಲಾಶಯಗಳು ತುಂಬಿರಲಿಲ್ಲ; ಮಳೆ ಇಲ್ಲದ ಹೊಲಗಳಿಗೆ ನೀರೆತ್ತಲು ಪಂಪುಗಳು ಹಗಲಿರುಳು ಓಡಬೇಕಾಗಿತ್ತು. ಏಳು ಗಂಟೆಗಳ ತ್ರೀಫೇಸ್ ವಿದ್ಯುತ್ತನ್ನು ಕೊಡುವೆವೆಂದ ಮಾತು ನಡೆಯದೆ ರೈತರು ಊರೂರಿನ ಸಬ್‌ಸ್ಟೇಷನ್ನುಗಳ ಮುಂದೆ ಧರಣಿ ಕುಳಿತರು. ಸರ್ಕಾರದವರು ವಿದ್ಯುಚ್ಛಕ್ತಿ ಕಾಯಿದೆಯ ೧೧ನೆಯ ಕಲಮನ್ನು ಪ್ರಯೋಗಿಸಿ, ರಾಜ್ಯದೊಳಗಿನ ಖಾಸಗಿ ಉತ್ಪಾದಕರು ತಮ್ಮ ವಿದ್ಯುತ್ತನ್ನು ಹೊರಗೆ ಮಾರದೆ ಇಲ್ಲಿಗೇ ಕೊಡಬೇಕೆಂದು ಆಜ್ಞಾಪಿಸಬೇಕಾಯಿತು. ಬಿಸಿಲಿಗೆ ಆ ವರ್ಷ ಬರವಿರಲಿಲ್ಲ, ಬಿಸಿಲೇ ಬರವಾಗಿತ್ತು. ಪಾವಗಡದ ಫಲಕಗಳು ಪ್ರತಿ ಮಧ್ಯಾಹ್ನವೂ ತಮ್ಮ ಕೆಲಸವನ್ನು ತಾವು ಮಾಡುತ್ತಲೇ ಇದ್ದವು. ಆದಾಗ್ಯೂ ಕೊರತೆ ಬಂದಿತು. ಇದು ಹೇಗೆ ಎಂಬುದನ್ನು ಬಲ್ಲವರು ಬಲ್ಲರು. ಆದರೆ ಬಲ್ಲವರು ಹೇಳುವುದಿಲ್ಲ, ಹೇಳುವವರು ಮೆಗಾವಾಟುಗಳನ್ನು ಎಣಿಸಿ ಕೈತೊಳೆದುಕೊಳ್ಳುತ್ತಾರೆ.

ಹೊಲದಲ್ಲಿ ಬೆಳೆದ ರಾಗಿಯನ್ನು ಇಂದು ಒಕ್ಕಿ, ನಾಳೆ ತೂರಿ, ನಾಡಿದ್ದು ಹಗೇವಿಗೆ ತುಂಬಿ, ಮೂರು ವರ್ಷದ ಮೇಲೆ ತೆಗೆದು ಉಣ್ಣಬಹುದು. ವಿದ್ಯುಚ್ಛಕ್ತಿಯ ಸ್ವಭಾವವೇ ಬೇರೆ. ತಂತಿಯಲ್ಲಿ ಅದು ಕೂಡಿಬೀಳುವುದಿಲ್ಲ. ನಾವು ಗುಂಡಿ ಒತ್ತಿದ ಕ್ಷಣದಲ್ಲಿ ಎಲ್ಲಿಯೋ ಒಂದು ಯಂತ್ರವು ಅಷ್ಟೇ ಪ್ರಮಾಣದ ಹೆಚ್ಚಿನ ದುಡಿಮೆಯನ್ನು ಮಾಡಬೇಕು. ಆರಿಸಿದ ಕ್ಷಣದಲ್ಲಿ ಅಷ್ಟನ್ನು ಬಿಡಬೇಕು. ಉತ್ಪತ್ತಿ ಮತ್ತು ವ್ಯಯ ಇವೆರಡೂ ತಕ್ಕಡಿಯ ಎರಡು ತಟ್ಟೆಗಳಂತೆ ಎಡೆಬಿಡದೆ ಸಮವಾಗಿರತಕ್ಕದ್ದು. ಆ ತಕ್ಕಡಿಯ ಮುಳ್ಳು ಯಾವುದೆಂದರೆ ಆವರ್ತಸಂಖ್ಯೆ. ನಮ್ಮ ದೇಶದಲ್ಲಿ ಅದು ಸೆಕೆಂಡಿಗೆ ೫೦. ವ್ಯಯ ಹೆಚ್ಚಾದರೆ ದೇಶದ ಯಂತ್ರಗಳೆಲ್ಲ ಒಟ್ಟಿಗೆ ಒಂದಿಷ್ಟು ನಿಧಾನವಾಗುವುವು, ಮುಳ್ಳು ಕೆಳಗಿಳಿಯುವುದು. ಉತ್ಪತ್ತಿ ಹೆಚ್ಚಾದರೆ ಮೇಲೇರುವುದು. ೪೯.೯೦ಕ್ಕೂ ೫೦.೦೫ಕ್ಕೂ ನಡುವೆ ಅದನ್ನು ಹಿಡಿದಿಡಬೇಕೆಂಬುದು ಈಗಿನ ನಿಯಮ. ಈ ಕೂದಲೆಳೆಯಷ್ಟು ಅಂತರದೊಳಗೆ ಒಂದು ಉಪಖಂಡದ ದೀಪ, ಗಿರಣಿ, ರೈಲು, ಆಸ್ಪತ್ರೆಗಳೆಲ್ಲ ನಡೆಯುತ್ತಿವೆಯೆಂಬುದನ್ನು ಯೋಚಿಸಿದರೆ, ಹಗಲಿರುಳೆನ್ನದೆ ಆ ಮುಳ್ಳನ್ನು ನೋಡುತ್ತ ಕುಳಿತಿರುವ ಇಂಜಿನಿಯರುಗಳ ಬಗ್ಗೆ ಗೌರವ ಹುಟ್ಟದಿರದು. ಬಿಲ್ಲು ಬಂದಾಗ ಮಾತ್ರ ಅವರ ಇಲಾಖೆಯನ್ನು ನೆನೆಯುವುದು ನಮ್ಮ ರೂಢಿ.

ಬೀಸುವ ಕಲ್ಲಿನ ಗೂಟದಿಂದ ಕೈ ತೆಗೆದರೂ ಕಲ್ಲು ಇನ್ನೊಂದು ಸುತ್ತು ತಿರುಗಿಯೇ ನಿಲ್ಲುವುದಷ್ಟೆ. ರಾಯಚೂರಿನ ಹಬೆಯ ಯಂತ್ರಗಳು ನಿಮಿಷಕ್ಕೆ ೩,೦೦೦ ಸುತ್ತು ತಿರುಗುವ ಮಹಾಭಾರದ ಬೀಸುಗಲ್ಲುಗಳು. ಶರಾವತಿಯ ಯಂತ್ರಗಳೂ ಈ ಜಾತಿಯವೇ. ಎಲ್ಲಿಯೋ ಒಂದು ಕೇಂದ್ರ ಹಠಾತ್ತಾಗಿ ಕೆಟ್ಟರೆ, ಈ ಕಲ್ಲುಗಳ ಓಟದಲ್ಲಿ ಅಡಗಿರುವ ಬಲವೇ ಮೊದಲ ಕೆಲವು ಸೆಕೆಂಡುಗಳ ಕಾಲ ತಂತಿಜಾಲವನ್ನು ಎತ್ತಿಹಿಡಿಯುತ್ತದೆ; ಅಷ್ಟರೊಳಗೆ ಉಳಿದ ಕೇಂದ್ರಗಳ ಕವಾಟಗಳು ತೆರೆದುಕೊಳ್ಳುತ್ತವೆ. ಸೂರ್ಯಫಲಕಕ್ಕಾದರೋ ತಿರುಗುವ ಕಲ್ಲೇ ಇಲ್ಲ. ಅದು ಕೊಡುವ ನೇರ ಪ್ರವಾಹವನ್ನು ಇನ್ವರ್ಟರ್ ಎಂಬ ಪೆಟ್ಟಿಗೆಯು ಪರ್ಯಾಯ ಪ್ರವಾಹವನ್ನಾಗಿ ಮಾಡಿ, ಜಾಲದ ತಾಳವನ್ನು ಕೇಳಿಕೊಂಡು ಅದಕ್ಕೆ ತಕ್ಕ ಹೆಜ್ಜೆ ಹಾಕುತ್ತದೆ. ತಾಳ ಹಾಕುವವನು ನಿಂತರೆ ಸಾಧಾರಣ ಇನ್ವರ್ಟರ್ ತಾನೂ ನಿಲ್ಲುತ್ತದೆ. ತಾನೇ ತಾಳ ಹಾಕಬಲ್ಲ ಇನ್ವರ್ಟರುಗಳೂ ಈಗ ಬಂದಿವೆ. ಅವುಗಳಿಗೆ ಹೆಚ್ಚಿನ ಬೆಲೆ, ಮತ್ತು ಕಡ್ಡಾಯಗೊಳಿಸದ ಹೊರತು ಯಾವ ವರ್ತಕನೂ ಹೆಚ್ಚಿನ ಬೆಲೆಯದನ್ನು ಕೊಳ್ಳಲಾರ.

ಪ್ರಕೃತಿಯು ಕೊಟ್ಟಾಗ ಕೊಡುವ, ಕೊಡದಾಗ ಕೊಡದ ಶಕ್ತಿಯನ್ನು ಹಿಡಿದು ನಂಬಿಕೆಗೆ ಯೋಗ್ಯವಾಗಿ ಮಾಡುವುದು ನಮ್ಮ ನಾಡಿಗೆ ಹೊಸ ವಿದ್ಯೆಯೇನೂ ಅಲ್ಲ. ಹೇಳಬೇಕೆಂದರೆ ನಮ್ಮ ವಿದ್ಯುತ್ತಿನ ಇತಿಹಾಸವು ಆರಂಭವಾದುದೇ ಈ ತೊಡಕಿನಿಂದ. ೧೯೦೨ನೆಯ ಇಸವಿ ಜೂನ್ ತಿಂಗಳಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ಧುಮುಕಿನಿಂದ ಹುಟ್ಟಿದ ವಿದ್ಯುತ್ತು ೯೨ ಮೈಲಿ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಆಗಿನ ಜಗತ್ತಿನ ಅತಿ ದೀರ್ಘವಾದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದಾಗಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಸಂಕಲ್ಪ, ಜೋಲಿ ಡಿ ಲಾಟ್‌ಬಿನಿಯೇರ್ ಎಂಬ ಇಂಜಿನಿಯರರ ಯೋಜನೆ, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಜನರೇಟರುಗಳು, ಸ್ವಿಟ್ಸರ್ಲೆಂಡಿನ ಎಷರ್ ವಿಸ್ ಕಂಪನಿಯ ಟರ್ಬೈನುಗಳು. ದೀಪ ಹತ್ತುವುದನ್ನು ನೋಡಲು ದಿವಾನರು ಉಳಿದಿರಲಿಲ್ಲ. ೧೯೦೧ರ ಸೆಪ್ಟೆಂಬರಿನಲ್ಲೇ ಅವರು ಗತಿಸಿದ್ದರು. ಗಣಿಗೆ ಮೊದಲು ವಿದ್ಯುತ್ತು ಹೋಯಿತು, ರಾಜಧಾನಿಯ ಬೀದಿಗೆ ಆಮೇಲೆ, ೧೯೦೫ರ ಆಗಸ್ಟಿನಲ್ಲಿ, ಬಂದಿತು. ಯಾರ ನೀರು, ಯಾರಿಗೆ ಬೆಳಕು ಎಂಬ ಪ್ರಶ್ನೆಯೂ ಹಾಗೆ ಆ ದಿನವೇ ಹುಟ್ಟಿತೆನ್ನಬೇಕು.

ಆದರೆ ಕಾವೇರಿಯು ವರ್ಷವಿಡೀ ಒಂದೇ ಸಮನಾಗಿ ಹರಿಯತಕ್ಕ ನದಿಯಲ್ಲ. ಆಷಾಢ ಶ್ರಾವಣಗಳಲ್ಲಿ ಅಬ್ಬರಿಸುವಳು, ಚೈತ್ರ ವೈಶಾಖಗಳಲ್ಲಿ ಬಂಡೆಗಳ ನಡುವೆ ಇಂಗಿಹೋಗುವಳು. ಗಣಿಯ ಕಂಪನಿಗಳಿಗಾದರೋ ಎಡೆಬಿಡದ ವಿದ್ಯುತ್ತು ಬೇಕು. ವರ್ಷವರ್ಷಕ್ಕೆ ಹೆಚ್ಚು ಬೇಕು. ಬೇಸಗೆಯ ಈ ಕೊರತೆಯನ್ನು ನೀಗಿಸುವುದು ಕೃಷ್ಣರಾಜಸಾಗರದ ಉದ್ದೇಶಗಳಲ್ಲಿ ಮುಖ್ಯವಾದುದೊಂದು. ೧೯೧೧ರಲ್ಲಿ ವಿಶ್ವೇಶ್ವರಯ್ಯನವರ ಕಾಲದಲ್ಲಿ ಕೆಲಸ ಪ್ರಾರಂಭವಾಯಿತು. ಆ ಕಟ್ಟೆಯನ್ನು ನಾವೆಲ್ಲ ಮಂಡ್ಯದ ಕಬ್ಬಿನ ತಾಯಿಯೆಂದೇ ನೆನೆಯುತ್ತೇವೆ. ಅದು ಶಿವನಸಮುದ್ರದ ವಿದ್ಯುತ್ತಿನ ಕಣಜವೂ ಆಗಿತ್ತೆಂಬುದನ್ನು ಮರೆತಿದ್ದೇವೆ. ಮಳೆಗಾಲದ ಹೊಳೆಯನ್ನು ಬೇಸಗೆಗೆ ಎತ್ತಿಡುವುದು, ಅದೇ ಅದರ ಗುಟ್ಟು. ಹಾಗೆ ಎತ್ತಿಟ್ಟದ್ದಕ್ಕಾಗಿ ಮದರಾಸಿನ ಸರ್ಕಾರದೊಡನೆ ವ್ಯಾಜ್ಯ ನಡೆದು, ೧೯೨೪ರ ಒಪ್ಪಂದವಾಗಿ, ಅದರ ಬಾಲವು ಇಂದಿಗೂ ನಮ್ಮ ಕಾಲಿಗೆ ಸುತ್ತಿಕೊಂಡಿದೆ. ಕಣಜ ಕಟ್ಟಿದವನಿಗೆ ನೆರೆಯವನೊಡನೆ ಮನಸ್ತಾಪ ತಪ್ಪದು.

ಮುಂದೆ ಶಿಂಷಾ, ಜೋಗ ಬಂದವು. ೧೯೬೪ರಲ್ಲಿ ಲಿಂಗನಮಕ್ಕಿಯ ಕಟ್ಟೆ ಎದ್ದು ಶರಾವತಿಯ ೧,೦೩೫ ಮೆಗಾವಾಟಿನ ಮಹಾಕೇಂದ್ರ ಬಂದಿತು. ನಾಡು ಬಹುಕಾಲ ನೀರಿನ ಮೇಲೆಯೇ ಬಾಳಿತು. ಮಳೆ ಕೆಟ್ಟ ವರ್ಷಗಳಲ್ಲಿ ಬೆಳಕೂ ಕೆಟ್ಟುದರಿಂದ ೧೯೮೫ರಲ್ಲಿ ರಾಯಚೂರಿನಲ್ಲಿ ಕಲ್ಲಿದ್ದಲಿನ ಒಲೆ ಹೂಡಲಾಯಿತು. ಇದ್ದಲಿನ ಹೊಗೆಯನ್ನು ಹೊಗಳುವವರು ನಾವಲ್ಲ. ಆದರೆ ೨೦೨೪ರಲ್ಲಿಯೂ ದೇಶದಲ್ಲಿ ಹುಟ್ಟಿದ ವಿದ್ಯುತ್ತಿನಲ್ಲಿ ಹತ್ತಕ್ಕೆ ಏಳು ಪಾಲಿಗೂ ಮಿಕ್ಕಿದ್ದು ಆ ಒಲೆಗಳಿಂದಲೇ ಬಂದಿತೆಂಬ ಸತ್ಯವನ್ನು ಬಚ್ಚಿಡುವುದು ಸಾಧುವಲ್ಲ. ೨೦೨೫ರ ಮಧ್ಯದಲ್ಲಿ ದೇಶದ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧಭಾಗ ಇದ್ದಲು, ಅನಿಲ, ಎಣ್ಣೆಗಳನ್ನು ಬಿಟ್ಟ ಮೂಲಗಳದ್ದಾಯಿತೆಂದು ಸಾರಲಾಯಿತು. ಅದು ನಿಜ, ಸಂತೋಷದ ಸಂಗತಿಯೂ ಹೌದು. ಆದರೆ ಸಾಮರ್ಥ್ಯವೇ ಬೇರೆ, ದುಡಿಮೆಯೇ ಬೇರೆ. ಮನೆಯಲ್ಲಿ ಹತ್ತು ಎತ್ತುಗಳಿವೆಯೆಂದ ಮಾತ್ರಕ್ಕೆ ಹತ್ತೂ ದಿನವಿಡೀ ಉಳುತ್ತವೆಯೆ? ಒಂದು ಮೆಗಾವಾಟಿನ ಸೂರ್ಯಕೇಂದ್ರವು ರಾತ್ರಿ, ಮೋಡ, ಬೆಳಗು, ಬೈಗುಗಳನ್ನೆಲ್ಲ ಕಳೆದು ವರ್ಷದ ಲೆಕ್ಕದಲ್ಲಿ ತನ್ನ ಪೂರ್ಣಶಕ್ತಿಯ ಐದನೆಯ ಒಂದು ಭಾಗ, ಹೆಚ್ಚೆಂದರೆ ಕಾಲುಭಾಗದಷ್ಟನ್ನು ಕೊಡುತ್ತದೆ. ಇದು ಅದರ ದೋಷವಲ್ಲ, ಸ್ವಭಾವ. ಮೆಗಾವಾಟುಗಳನ್ನು ಮಾತ್ರ ಎಣಿಸುವವರು ಈ ಸ್ವಭಾವವನ್ನು ವಾಚಕರಿಂದ ಮರೆಮಾಚುತ್ತಾರೆ.

ಪಾವಗಡದ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ತುಮಕೂರು ಜಿಲ್ಲೆಯ ಈಶಾನ್ಯದ ಮೂಲೆಯಲ್ಲಿ, ಆಂಧ್ರದ ಸೀಮೆಯೊಳಕ್ಕೆ ಚಾಚಿಕೊಂಡಿರುವ ಈ ತಾಲೂಕು ಮಳೆಗೆ ಹೆಸರಾದುದಲ್ಲ. ಕಡಲೆಕಾಯಿ ಬಿತ್ತಿ ಮುಗಿಲು ನೋಡುವುದು, ಮುಗಿಲು ಮುನಿದರೆ ಬೆಂಗಳೂರಿಗೆ ಕೂಲಿಗೆ ಹೋಗುವುದು, ಇದು ಅಲ್ಲಿಯವರ ಪಂಚಾಂಗ. ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಗ್ರಾಮಗಳ ಸುಮಾರು ೧೩,೦೦೦ ಎಕರೆ ಭೂಮಿಯ ಮೇಲೆ ೨,೦೫೦ ಮೆಗಾವಾಟಿನ ಸೌರ ಉದ್ಯಾನವನ್ನು ಎಬ್ಬಿಸಲಾಯಿತು. ೨೦೧೮ರ ಮಾರ್ಚಿಯಲ್ಲಿ ಪ್ರಾರಂಭೋತ್ಸವ, ೨೦೧೯ರ ಕೊನೆಗೆ ಪೂರ್ಣತೆ. ಇದರಲ್ಲಿ ಮೆಚ್ಚತಕ್ಕ ಅಂಶವೊಂದಿದೆ. ಸರ್ಕಾರದವರು ರೈತರ ಭೂಮಿಯನ್ನು ಕಿತ್ತುಕೊಳ್ಳಲಿಲ್ಲ, ಕೊಂಡುಕೊಳ್ಳಲೂ ಇಲ್ಲ. ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರಿಕೆ, ಈ ಕರಾರಿನ ಮೇಲೆ ಗುತ್ತಿಗೆಗೆ ಪಡೆದರು. ಪಹಣಿಯಲ್ಲಿ ರೈತನ ಹೆಸರು ರೈತನದೇ. ಅಣೆಕಟ್ಟು, ಗಣಿ, ಕಾರ್ಖಾನೆಗಳಿಗಾಗಿ ಭೂಮಿ ಕಳೆದುಕೊಂಡವರ ಗೋಳನ್ನು ಐವತ್ತು ವರ್ಷಗಳಿಂದ ಕೇಳುತ್ತಿರುವ ನಮಗೆ ಇದು ತಕ್ಕಮಟ್ಟಿಗೆ ನ್ಯಾಯವಾದ ದಾರಿಯೆಂದೇ ತೋರುತ್ತದೆ.

ತಕ್ಕಮಟ್ಟಿಗೆ ಎಂದೆವು. ಗುತ್ತಿಗೆಯ ಹಣ ಬರುವುದು ಪಹಣಿಯಲ್ಲಿ ಹೆಸರಿರುವವನಿಗೆ. ಅವನ ಹೊಲದಲ್ಲಿ ಕಳೆ ಕೀಳುತ್ತಿದ್ದವಳಿಗೆ, ಕಡಲೆಕಾಯಿ ಬಿಡಿಸುತ್ತಿದ್ದವಳಿಗೆ, ಆ ಬೀಳುಭೂಮಿಯಲ್ಲಿ ಕುರಿ ಮೇಯಿಸುತ್ತಿದ್ದವನಿಗೆ ಏನು ಬಂತು? ಕಟ್ಟುವ ಕಾಲದಲ್ಲಿ ನಾಲ್ಕು ದಿನದ ಕೂಲಿ ಬಂತು. ಕಟ್ಟಿ ಮುಗಿದ ಮೇಲೆ ಫಲಕ ಒರೆಸುವ, ಹುಲ್ಲು ಸವರುವ, ಬೇಲಿ ಕಾಯುವ ಕೆಲವೇ ಕೆಲಸಗಳು ಉಳಿದವು. ಹತ್ತು ಎಕರೆಯವನಿಗೆ ಮನೆಯಲ್ಲಿ ಕುಳಿತು ಎರಡು ಲಕ್ಷ, ಒಂದು ಎಕರೆಯವನಿಗೆ ಅದರ ಹತ್ತನೆಯ ಒಂದು, ಭೂಹೀನನಿಗೆ ಸೊನ್ನೆ. ಬಿಸಿಲು ಯಾರ ಪಹಣಿಯಲ್ಲಿಯೂ ನಮೂದಾಗಿಲ್ಲವೆಂಬುದನ್ನು ಬರಲಿರುವ ಯೋಜನೆಗಳ ಕರ್ತೃಗಳು ಗಮನಿಸಬೇಕು. ಗುತ್ತಿಗೆಯ ಮೊತ್ತದಲ್ಲಿ ಒಂದು ಸಣ್ಣ ಅಂಶವನ್ನು ಗ್ರಾಮದ ಭೂಹೀನ ಕುಟುಂಬಗಳಿಗೆಂದು ಕಾನೂನಿನಿಂದಲೇ ಕಾದಿರಿಸುವುದು ಅಸಾಧ್ಯವೇನಲ್ಲ.

ಇನ್ನೊಂದು ಮಾತು. ಪಾವಗಡ ಕಟ್ಟಿದ ಕಾಲದಲ್ಲಿ ನಮ್ಮ ದೇಶವು ಸೂರ್ಯಫಲಕಗಳ ಬಹುಪಾಲನ್ನು ಚೀನಾ ದೇಶದಿಂದ ತರಿಸಿಕೊಳ್ಳುತ್ತಿತ್ತು. ೧೯೦೨ರಲ್ಲಿ ಅಮೆರಿಕ, ಸ್ವಿಟ್ಸರ್ಲೆಂಡು. ನೂರಹದಿನೈದು ವರ್ಷಗಳಾದ ಮೇಲೆ ಚೀನಾ. ಆದರೆ ಹಳೆಯ ಮೈಸೂರಿನವರು ಯಂತ್ರ ತರಿಸಿ ಸುಮ್ಮನೆ ಕುಳಿತಿರಲಿಲ್ಲ; ಮೂವತ್ತರ ದಶಕದಲ್ಲಿ ಬೆಂಗಳೂರಿನಲ್ಲಿಯೇ ಎಲೆಕ್ಟ್ರಿಕ್ ಫ್ಯಾಕ್ಟರಿ, ಪೋರ್ಸಲೇನ್ ಫ್ಯಾಕ್ಟರಿಗಳನ್ನು ತೆರೆದು ಟ್ರಾನ್ಸ್‌ಫಾರ್ಮರು, ಇನ್ಸುಲೇಟರುಗಳನ್ನು ಮಾಡಲು ಕಲಿತರು. ಈಗ ಫಲಕ ಜೋಡಿಸುವ ಕಾರ್ಖಾನೆಗಳು ದೇಶದಲ್ಲಿ ವೇಗವಾಗಿ ಏಳುತ್ತಿವೆ. ಜೋಡಿಸುವುದು ಸುಲಭ, ಒಳಗಿನ ತಿರುಳಾದ ಸಿಲಿಕಾನಿನ ಬಿಲ್ಲೆಗಾಗಿ ಇನ್ನೂ ಚೀನಾದ ಕಡೆಗೇ ಬಹುಮಟ್ಟಿಗೆ ಕೈಚಾಚುತ್ತಿದ್ದೇವೆ.

ಇರಲಿ. ಮಿತ್ರರ ಪ್ರಶ್ನೆಗೆ ಬರೋಣ. ಮಧ್ಯಾಹ್ನ ಹನ್ನೆರಡಕ್ಕೆ ಫಲಕಗಳು ಪೂರ್ಣಶಕ್ತಿಯಿಂದ ದುಡಿಯುತ್ತಿರುತ್ತವೆ. ಆಗ ರಾಯಚೂರಿನ ಒಲೆಗಳನ್ನು ತಗ್ಗಿಸಬೇಕು. ಆದರೆ ಇದ್ದಲಿನ ಒಲೆಯನ್ನು ತನ್ನ ಶಕ್ತಿಯ ಅರ್ಧಕ್ಕಿಂತ ಹೆಚ್ಚು ತಗ್ಗಿಸಿದರೆ ಉರಿ ಅಸ್ಥಿರವಾಗುವುದು, ಕೊಳವೆಗಳು ಸವೆಯುವುವು. ಪೂರ್ತಿ ಆರಿಸಿದರೆ ಮತ್ತೆ ಹೊತ್ತಿಸಲು ಗಂಟೆಗಟ್ಟಲೆ ಬೇಕು. ಸಂಜೆ ಐದಾಗುತ್ತಲೇ ಸೂರ್ಯನು ಇಳಿಮುಖ, ಆರೂವರೆಗೆ ಸೊನ್ನೆ. ಅದೇ ಹೊತ್ತಿಗೆ ಮನೆಗಳಲ್ಲಿ ದೀಪ, ಅಂಗಡಿಗಳಲ್ಲಿ ದೀಪ, ಬೇಸಗೆಯಾದರೆ ಬೆಂಗಳೂರಿನ ತಂಪುಯಂತ್ರಗಳೆಲ್ಲ ಒಟ್ಟಿಗೆ ಏಳುತ್ತವೆ. ಎರಡು ಗಂಟೆಯ ಅವಧಿಯಲ್ಲಿ ಸಾವಿರಾರು ಮೆಗಾವಾಟುಗಳ ಹಳ್ಳವನ್ನು ಮತ್ತಾವುದೋ ಮೂಲದಿಂದ ತುಂಬಬೇಕು. ಕೆಲವು ನಿಮಿಷಗಳಲ್ಲಿ ಎದ್ದು ನಿಲ್ಲಬಲ್ಲ ಯಂತ್ರ ಯಾವುದು? ಶರಾವತಿಯದು, ನಾಗಝರಿಯದು, ವಾರಾಹಿಯದು. ಜಲವಿದ್ಯುತ್ತು ಈಗ ನಾಡಿನ ದಿನಗೂಲಿಯ ಆಳಲ್ಲ, ಸಂಜೆಯ ಕಾವಲುಗಾರ. ೨೦೨೩ರಲ್ಲಿ ಆದದ್ದು ಇಷ್ಟೇ: ಕಾವಲುಗಾರನ ಕೈಯಲ್ಲಿ ನೀರಿರಲಿಲ್ಲ.

ಗಾಳಿ ಬಂದಾಗ ತೂರಿಕೋ ಎಂದು ನಮ್ಮ ಹಿರಿಯರು ಹೇಳಿದ್ದು ಕಣದ ಅನುಭವದಿಂದ. ಚಿತ್ರದುರ್ಗದ ಜೋಗಿಮಟ್ಟಿ, ಗದಗಿನ ಕಪ್ಪತಗುಡ್ಡಗಳ ಮೇಲೆ ನೈಋತ್ಯದ ಮಾರುತವು ಬೀಸುವುದು ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ. ಮೋಡ ಕವಿದು ಬಿಸಿಲು ಕಡಿಮೆಯಾದ ತಿಂಗಳುಗಳಲ್ಲೇ ಗಾಳಿ ಹೆಚ್ಚು. ಬಿಸಿಲು ಗಾಳಿಗಳೆರಡೂ ಹೀಗೆ ಓರಗಿತ್ತಿಯರಂತೆ ಸರದಿಯ ಮೇಲೆ ಮನೆಗೆಲಸ ಮಾಡುವುದು ನಮ್ಮ ನಾಡಿನ ಭಾಗ್ಯ. ೨೦೨೪-೨೫ರಲ್ಲಿ ಹೊಸದಾಗಿ ೧,೩೩೧ ಮೆಗಾವಾಟು ಗಾಳಿಯಂತ್ರಗಳನ್ನು ನೆಟ್ಟು ಕರ್ನಾಟಕವು ಆ ವರ್ಷ ದೇಶದಲ್ಲಿ ಮೊದಲನೆಯದಾಯಿತು. ಆದರೆ ಅಕ್ಟೋಬರಿನಲ್ಲಿ ಗಾಳಿ ಇಳಿಯುತ್ತದೆ. ಇಳಿದ ಮೇಲೆ?

ಇಲ್ಲಿ ನೆರೆಹೊರೆಯ ಪ್ರಯೋಜನ ಕಾಣುತ್ತದೆ. ೨೦೧೨ರ ಜುಲೈ ೩೦ ಮತ್ತು ೩೧ರಂದು ಉತ್ತರ ಹಿಂದೂಸ್ಥಾನದ ತಂತಿಜಾಲ ಕುಸಿದು, ಎರಡನೆಯ ದಿನ ಪೂರ್ವ, ಈಶಾನ್ಯಗಳನ್ನೂ ಎಳೆದುಕೊಂಡು, ಅರವತ್ತು ಕೋಟಿ ಜನರ ನಾಡು ಕತ್ತಲಾಯಿತು. ದಕ್ಷಿಣದ ಜಾಲ ಆಗ ಬೇರೆಯಾಗಿ ತನ್ನದೇ ತಾಳದಲ್ಲಿ ನಡೆಯುತ್ತಿದ್ದುದರಿಂದ ನಾವು ಉಳಿದೆವು. ಬೇರೆಯಾಗಿರುವುದೇ ಲೇಸೆಂದು ಆಗ ಹೇಳಿದವರಿದ್ದರು. ೨೦೧೩ರ ಡಿಸೆಂಬರ್ ೩೧ರಂದು ರಾಯಚೂರಿನಿಂದ ಸೊಲ್ಲಾಪುರಕ್ಕೆ ಎಳೆದ ೭೬೫ ಕಿಲೋವೋಲ್ಟಿನ ತಂತಿಯು ದಕ್ಷಿಣವನ್ನು ದೇಶದ ಜಾಲದೊಡನೆ ಒಂದು ಮಾಡಿತು. ಹತ್ತು ವರ್ಷದ ಮೇಲೆ, ೨೦೨೩ರ ಆ ಸಂಕಟದಲ್ಲಿ, ಆ ಕೂಡುವಿಕೆಯ ಫಲ ದೊರೆಯಿತು. ಉತ್ತರಪ್ರದೇಶ ಪಂಜಾಬುಗಳಿಂದ ನಮ್ಮವರು ವಿದ್ಯುತ್ತನ್ನು ಕೈಗಡವಾಗಿ ತಂದರು. ಹಣಕ್ಕಲ್ಲ, ಕಾಳಿಗೆ ಕಾಳು ಎಂಬಂತೆ. ಚಳಿಗಾಲದಲ್ಲಿ ಅವರ ಬೇಡಿಕೆ ಕಡಿಮೆ, ನಮ್ಮದು ಹೆಚ್ಚು. ಮುಂಗಾರಿನಲ್ಲಿ ಪಂಜಾಬಿನ ಭತ್ತದ ಗದ್ದೆಗೆ ನೀರು ಬೇಕು, ನಮ್ಮ ಗುಡ್ಡಗಳ ಮೇಲೆ ಗಾಳಿ ಸಮೃದ್ಧ. ಕಪ್ಪತಗುಡ್ಡದ ಗಾಳಿ ಪಂಜಾಬಿನ ಗದ್ದೆಗೆ ನೀರೆತ್ತುವುದು ಎಂಬುದು ಕವಿಕಲ್ಪನೆಯಲ್ಲ, ಲೆಕ್ಕಪತ್ರದ ಮಾತು. ಕಣಜಗಳಲ್ಲೆಲ್ಲ ಅಗ್ಗವಾದ ಕಣಜವು ನೆಚ್ಚಿನ ನೆರೆಯವನೇ ಸರಿ.

ಕೆಲವರು ಹೆದರಿಸುವುದುಂಟು: ಬಿಸಿಲು ಗಾಳಿಗಳನ್ನು ನಂಬಿದ ದೇಶಗಳು ಕತ್ತಲಾಗಿವೆ ನೋಡಿ ಎಂದು. ೨೦೧೬ರ ಸೆಪ್ಟೆಂಬರ್ ೨೮ರಂದು ದಕ್ಷಿಣ ಆಸ್ಟ್ರೇಲಿಯಾ ಸಂಸ್ಥಾನವಿಡೀ ಕತ್ತಲಾಯಿತು. ೨೦೨೫ರ ಏಪ್ರಿಲ್ ೨೮ರ ಮಧ್ಯಾಹ್ನ ಸ್ಪೇನ್, ಪೋರ್ಚುಗಲ್ ದೇಶಗಳೆರಡೂ ಕತ್ತಲಾದವು. ಎರಡೂ ನಿಜ. ಆದರೆ ವಿಚಾರಣೆಯಲ್ಲಿ ಕಂಡುಬಂದದ್ದೇನು? ಆಸ್ಟ್ರೇಲಿಯಾದಲ್ಲಿ ಬಿರುಗಾಳಿಯು ದೊಡ್ಡ ತಂತಿಗೋಪುರಗಳನ್ನೇ ಕೆಡವಿತ್ತು. ಆ ಹೊಡೆತಕ್ಕೆ ವೋಲ್ಟೇಜು ಮೇಲಿಂದಮೇಲೆ ಕುಸಿದಾಗ, ಇಷ್ಟು ಸಲಕ್ಕಿಂತ ಹೆಚ್ಚು ಕುಸಿದರೆ ದುಡಿಮೆ ಬಿಡತಕ್ಕದ್ದೆಂದು ಗಾಳಿಯಂತ್ರಗಳ ರಕ್ಷಣಾವ್ಯವಸ್ಥೆಯಲ್ಲಿ ಮೊದಲೇ ಗೊತ್ತುಮಾಡಿಟ್ಟಿದ್ದರು. ಈ ಗೊತ್ತುಪಾಡು ಜಾಲ ನಡೆಸುವವರಿಗೆ ತಿಳಿದಿರಲಿಲ್ಲ! ಆಮೇಲೆ ಅದನ್ನು ಬದಲಾಯಿಸಿದರು. ೨೦೧೭ರಲ್ಲಿ ಹಾರ್ನ್ಸ್‌ಡೇಲ್ ಎಂಬಲ್ಲಿ ೧೦೦ ಮೆಗಾವಾಟಿನ ಬ್ಯಾಟರಿಯನ್ನೂ ಹೂಡಿದರು. ಗಾಳಿಯಂತ್ರಗಳನ್ನು ಕಿತ್ತುಹಾಕಲಿಲ್ಲ. ಸ್ಪೇನಿನಲ್ಲಿ ವೋಲ್ಟೇಜು ಏರುತ್ತ ಏರುತ್ತ ಕೇಂದ್ರಗಳು ಒಂದರ ಹಿಂದೊಂದು ಕಳಚಿಕೊಂಡವು. ಏರುವ ವೋಲ್ಟೇಜನ್ನು ತಗ್ಗಿಸುವ ಕರ್ತವ್ಯವನ್ನು ಅಲ್ಲಿಯ ನಿಯಮವು ಸೂರ್ಯಕೇಂದ್ರಗಳಿಗೆ ವಹಿಸಿರಲಿಲ್ಲ; ವಹಿಸಿಕೊಂಡಿದ್ದ ಹಳೆಯ ಕೇಂದ್ರಗಳು ನಿರೀಕ್ಷಿಸಿದಷ್ಟನ್ನು ಮಾಡಲಿಲ್ಲ. ಶಕ್ತರಾದ ಆಳುಗಳಿದ್ದೂ ಯಜಮಾನನು ಕೆಲಸ ಹೇಳದೆ ಮನೆ ಕೆಟ್ಟಿತೆಂಬಂತಾಯಿತು. ನಮ್ಮಲ್ಲಿಯೂ ರಾಜಸ್ಥಾನದ ಸೌರಸೀಮೆಯಲ್ಲಿ ೨೦೨೨ರಿಂದೀಚೆಗೆ ಸಾವಿರ ಮೆಗಾವಾಟಿಗೂ ಮಿಕ್ಕು ವಿದ್ಯುತ್ತು ಕ್ಷಣಾರ್ಧದಲ್ಲಿ ಮಾಯವಾದ ಪ್ರಸಂಗಗಳು ನಡೆದಿವೆ. ನಿಯಮಗಳು ಪುಸ್ತಕದಲ್ಲಿವೆ. ಪ್ರತಿ ಕೇಂದ್ರದ ಪೆಟ್ಟಿಗೆಯೂ ಅವುಗಳಂತೆ ನಡೆಯುತ್ತದೆಯೇ ಎಂಬುದನ್ನು ಪರೀಕ್ಷಿಸಿ ನೋಡುವವರು ಬೇಕು.

ಇನ್ನು ನಿಜವಾದ ಕಣಜದ ಮಾತು. ಮಧ್ಯಾಹ್ನದ ಹೆಚ್ಚಳದಿಂದ ಕೆಳಗಿನ ಕೆರೆಯ ನೀರನ್ನು ಮೇಲಿನ ಕೆರೆಗೆ ಎತ್ತಿ, ಸಂಜೆ ಅದೇ ನೀರನ್ನು ಧುಮುಕಿಸಿ ವಿದ್ಯುತ್ತು ಪಡೆಯುವುದು ಹಳೆಯ ಉಪಾಯ. ನಾಲ್ಕು ಸೇರು ಅಳೆದುಕೊಟ್ಟರೆ ಮೂರು ಸೇರು, ಅಥವಾ ತುಸು ಹೆಚ್ಚು, ಮರಳಿ ಬರುವುದು; ಆ ನಷ್ಟ ಸಹಿಸತಕ್ಕದ್ದೇ. ತಮಿಳುನಾಡಿನ ಕಡಂಪಾರೈಯಲ್ಲಿ ಇದು ೧೯೮೦ರ ದಶಕದಿಂದಲೇ ನಡೆದುಬಂದಿದೆ. ನಮ್ಮಲ್ಲಿ ಶರಾವತಿಯ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ೨,೦೦೦ ಮೆಗಾವಾಟಿನ ಇಂಥ ಕೇಂದ್ರವನ್ನು ಕಟ್ಟಬೇಕೆಂದು ಯೋಜಿಸಲಾಗಿದೆ. ಎರಡು ಕೆರೆಗಳೂ ಈಗಾಗಲೇ ಇರುವುದರಿಂದ ಹೊಸ ಅಣೆಕಟ್ಟು ಬೇಡ, ಸುರಂಗಗಳು ನೆಲದಡಿಯಲ್ಲೇ ಹೋಗುವುವು ಎಂಬುದು ಯೋಜನೆಯವರ ವಾದ. ಇಂಜಿನಿಯರಿನ ಕಣ್ಣಿಗೆ ಇದಕ್ಕಿಂತ ಪ್ರಶಸ್ತವಾದ ಸ್ಥಳ ದೊರೆಯುವುದು ಕಷ್ಟವೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಆ ಕಣಿವೆ ಸಿಂಗಳೀಕದ ಅಭಯಾರಣ್ಯ. ರಸ್ತೆ, ಸುರಂಗ, ತಂತಿಮಾರ್ಗಗಳಿಗಾಗಿ ಸಾವಿರಾರು ಮರ ಬೀಳಬೇಕು. ಘಟ್ಟದ ಸಡಿಲ ಇಳುಕಲುಗಳಲ್ಲಿ ಸ್ಫೋಟಕಗಳನ್ನು ಸಿಡಿಸಬೇಕು. ೨೦೨೫ರಲ್ಲಿ ಸಾಗರ, ಹೊನ್ನಾವರ ಪ್ರಾಂತದ ಜನರು ಬೀದಿಗಿಳಿದು ಬೇಡವೆಂದರು.

ಅವರ ಮಾತನ್ನು ಪ್ರಗತಿವಿರೋಧವ��ಂದು ತಳ್ಳಿಹಾಕುವ ಅಧಿಕಾರಿಗಳು ಆ ಕಣಿವೆಯ ಲೆಕ್ಕವನ್ನು ಒಮ್ಮೆ ನೋಡಬೇಕು. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಊರು ಕಳೆದುಕೊಂಡು ಶಿವಮೊಗ್ಗೆಯ ಕಾಡಂಚುಗಳಿಗೆ ಬಂದುಬಿದ್ದ ಕುಟುಂಬಗಳಲ್ಲಿ ಅನೇಕವು ಅರವತ್ತು ವರ್ಷಗಳಾದರೂ ತಾವು ಉಳುವ ನೆಲದ ಹಕ್ಕುಪತ್ರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಿವೆ. ನಾಡಿಗೆಲ್ಲ ಬೆಳಕು ಕೊಟ್ಟ ಜನ! ಅವರ ಮೊದಲ ಸಾಲವನ್ನೇ ತೀರಿಸದೆ ಅದೇ ಕಣಿವೆಯ ಬಾಗಿಲಿಗೆ ಎರಡನೆಯ ಸಾಲ ಕೇಳಲು ಹೋಗುವುದು ಯಾವ ನ್ಯಾಯ? ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿಯೇ ಹೇಳಿಬಿಡುತ್ತೇವೆ: ಶರಾವತಿಯ ಕಾಡನ್ನು ಮುಟ್ಟುವುದು ಕಟ್ಟಕಡೆಯ ಉಪಾಯವಾಗಬೇಕೇ ಹೊರತು ಮೊದಲನೆಯದಾಗಕೂಡದು. ಆಂಧ್ರದ ಪಿನ್ನಾಪುರದಲ್ಲಿ ಹೊಳೆಗೆ ಅಡ್ಡಗಟ್ಟದೆ, ಬರಡು ಗುಡ್ಡಗಳ ನಡುವೆ ಕೆರೆ ಕಟ್ಟಿ ಇದೇ ಕೆಲಸವನ್ನು ಮಾಡುತ್ತಿದ್ದಾರೆ. ನಮ್ಮ ಬಯಲುಸೀಮೆಯಲ್ಲಿ ಬರಡು ಗುಡ್ಡಗಳಿಗೆ ಕೊರತೆಯೆ? ಇಳುಕಲಿನ ಎತ್ತರ ಕಡಿಮೆಯಾದೀತು, ಖರ್ಚು ಹೆಚ್ಚಾದೀತು. ಆ ಹೆಚ್ಚಳವೇ ಘಟ್ಟದ ಕಾಡಿನ ಬೆಲೆಯೆಂದು ತಿಳಿಯೋಣ. ಬ್ಯಾಟರಿಗಳ ಬೆಲೆಯೂ ವರ್ಷವರ್ಷಕ್ಕೆ ಇಳಿಯುತ್ತಿದೆ. ಸಂಜೆಯ ಎರಡು ಗಂಟೆಯ ಹಳ್ಳ ದಾಟಲು ಅವು ಸಾಕು. ಮುಂಗಾರನ್ನು ಬೇಸಗೆಗೆ ಎತ್ತಿಡಲು ಸಾಲವು.

ಕಣಜವಿಲ್ಲದೆಯೂ ಆಗತಕ್ಕ ಕೆಲಸವೊಂದಿದೆ. ರಾಜ್ಯದಲ್ಲಿ ೩೦ ಲಕ್ಷಕ್ಕೂ ಮಿಕ್ಕು ನೀರಾವರಿ ಪಂಪುಸೆಟ್ಟುಗಳಿವೆ. ನಮ್ಮ ಪ್ರಾಯದ ಕಾಲದಲ್ಲಿ ರೈತನಿಗೆ ವಿದ್ಯುತ್ತು ಬರುತ್ತಿದ್ದುದು ನಡುರಾತ್ರಿ. ಕೈಯಲ್ಲಿ ಬ್ಯಾಟರಿ ದೀಪ ಹಿಡಿದು ಗದ್ದೆಗೆ ಹೋಗಿ ಹಾವು ಕಚ್ಚಿಯೋ ಕಡಿದುಬಿದ್ದ ತಂತಿ ಮೆಟ್ಟಿಯೋ ಸತ್ತವರ ಸುದ್ದಿಯನ್ನು ಈ ಕೈಯಿಂದಲೇ ಎಷ್ಟು ಸಲ ಮೊಳೆ ಜೋಡಿಸಿದ್ದೇವೆಯೋ ಲೆಕ್ಕವಿಲ್ಲ. ಇದ್ದಲಿನ ಕೇಂದ್ರಗಳಿಗೆ ರಾತ್ರಿ ಬೇರೆ ಗಿರಾಕಿಗಳಿಲ್ಲದ್ದರಿಂದ ರೈತನನ್ನು ರಾತ್ರಿಯ ಗಿರಾಕಿಯನ್ನಾಗಿ ಮಾಡಿದ್ದರು. ಈಗ ಕಾಲ ತಿರುಗಿದೆ, ಹೆಚ್ಚಳವಿರುವುದು ಹಗಲಿನಲ್ಲಿ. ನಿರಂತರ ಜ್ಯೋತಿ ಯೋಜನೆಯಿಂದ ಹಳ್ಳಿಯ ಮನೆಗಳ ತಂತಿಯನ್ನೂ ಹೊಲಗಳ ತಂತಿಯನ್ನೂ ಬೇರ್ಪಡಿಸಿರುವುದರಿಂದ, ಪಂಪುಗಳಿಗೆ ಸೂರ್ಯನ ಹೊತ್ತಿನಲ್ಲಿಯೇ ವಿದ್ಯುತ್ತು ಕೊಡುವುದು ಸುಲಭವಾಗಿದೆ. ಹಲವು ಕಡೆ ಹಾಗೆ ಮಾಡಿಯೂ ಇದ್ದಾರೆ; ೨೦೨೫ರ ಬೇಸಗೆಯಲ್ಲಿ ರಾಜ್ಯದ ಗರಿಷ್ಠ ಬೇಡಿಕೆ ೧೮,೦೦೦ ಮೆಗಾವಾಟನ್ನು ದಾಟಿದ್ದು ಸಂಜೆಯಲ್ಲಲ್ಲ, ಹಗಲಿನಲ್ಲಿ. ಸಬ್‌ಸ್ಟೇಷನ್ನಿನ ಪಕ್ಕದಲ್ಲಿಯೇ ಸಣ್ಣ ಸೂರ್ಯಕೇಂದ್ರವನ್ನು ಹೂಡಿ ಆ ಹೋಬಳಿಯ ಪಂಪುಗಳಿಗೆ ಅಲ್ಲಿಂದಲೇ ವಿದ್ಯುತ್ತು ಕೊಡುವ ಕುಸುಮ್ ಯೋಜನೆಯು ನಮಗೆ ಪಾವಗಡಕ್ಕಿಂತಲೂ ಪ್ರಿಯವಾಗಿ ತೋರುತ್ತದೆ. ದೂರದ ತಂತಿ ಬೇಡ, ದಾರಿಯ ಸೋರಿಕೆ ಇಲ್ಲ. ಒಂದೇ ಭಯ: ಪುಕ್ಕಟೆ ವಿದ್ಯುತ್ತು ಹಗಲಿಡೀ ಬಂದರೆ ಕೊಳವೆ ಬಾವಿಯ ತಳ ಎಷ್ಟು ದಿನ ತಾಳೀತು? ಬಿಸಿಲಿಗೆ ಬಡ್ಡಿಯಿಲ್ಲ, ಅಂತರ್ಜಲಕ್ಕುಂಟು.

ದೀಪ ಬಂದ ಮೇಲೆ ಮಿತ್ರರಿಗೆ ಇದನ್ನೆಲ್ಲ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: “ಸಂಜೆ ಏಳರ ಹೊತ್ತಿಗೆ ನಮ್ಮ ರಾಜ್ಯದ ಕೈಯಲ್ಲಿ ನಿಜವಾಗಿ ಎಷ್ಟಿದೆ, ಎಷ್ಟು ಕಡಿಮೆಬಿದ್ದಿದೆ, ಅದನ್ನು ಯಾವ ಬೆಲೆಗೆ ಹೊರಗಿಂದ ತಂದರು, ಇದನ್ನು ದಿನದಿನವೂ ಕನ್ನಡದಲ್ಲಿ ಪ್ರಕಟಿಸಲು ಏನಡ್ಡಿ?” ಅಂಕಿಗಳು ಇಲ್ಲದೇ ಇಲ್ಲ, ಜಾಲ ನಡೆಸುವವರ ದಾಖಲೆಗಳಲ್ಲಿ ಇಂಗ್ಲಿಷಿನಲ್ಲಿ, ಇಂಜಿನಿಯರುಗಳಿಗೆ ಮಾತ್ರ ಅರ್ಥವಾಗುವ ಕೋಷ್ಟಕಗಳಲ್ಲಿ ಇವೆ. ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದವರು ದರ ನಿಷ್ಕರ್ಷೆ ಮಾಡುವ ಮುನ್ನ ಸಾರ್ವಜನಿಕ ವಿಚಾರಣೆ ನಡೆಸುತ್ತಾರೆ. ಯಾವ ಗ್ರಾಹಕನಾದರೂ ಹೋಗಿ ಆಕ್ಷೇಪಣೆ ಸಲ್ಲಿಸಬಹುದು. ಕೈಗಾರಿಕಾ ಸಂಘಗಳವರು ವಕೀಲರನ್ನಿಟ್ಟು ಹೋಗುತ್ತಾರೆ, ಕೆಲವು ರೈತಮುಖಂಡರು ಹೋಗುತ್ತಾರೆ, ಪಟ್ಟಣದ ಗೃಹಸ್ಥರು ಹೋಗುವುದಿಲ್ಲ. ನಮ್ಮ ಮಿತ್ರರು ಈ ಸಲ ಹೋಗುವುದಾಗಿ ಹೇಳಿ, ಅರ್ಜಿಯ ಕರಡನ್ನು ಬರೆದುಕೊಂಡು ಬಂದು ತೋರಿಸಿದ್ದಾರೆ. ಹಳೆಯ ಕಂದಾಯ ಅಧಿಕಾರಿಯ ಕೈಬರಹ, ಕಲಮು ಕಲಮಾಗಿ ಹದಿನಾಲ್ಕು ಪ್ರಶ್ನೆಗಳು. ವಿಚಾರಣೆಯ ಪ್ರಕಟಣೆಗಳು ಪತ್ರಿಕೆಗಳಲ್ಲಿಯೇ ಬರುತ್ತವೆ. ನಾವೂ ಹಣ ಪಡೆದು ಅವನ್ನು ಒಳಪುಟದ ಮೂಲೆಯಲ್ಲಿ ಇರುವೆಯಂಥ ಅಕ್ಷರಗಳಲ್ಲಿ ಅಚ್ಚುಹಾಕುತ್ತ ಬಂದಿದ್ದೇವೆಂಬುದನ್ನು ಒಪ್ಪಿಕೊಳ್ಳಲೇಬೇಕು. ಮುಂದಿನ ಪ್ರಕಟಣೆ ಬಂದ ದಿನ ಅದರ ತಾರೀಕು ಮತ್ತು ಸ್ಥಳವನ್ನು ಇದೇ ಪುಟದಲ್ಲಿ, ದಪ್ಪಕ್ಷರದಲ್ಲಿ, ಪುಕ್ಕಟೆಯಾಗಿ ಹಾಕಿಸುವೆವು.